ಇಳಿಯುವ ಹಂತದಲ್ಲಿ ವಿಮಾನದ ಹತೋಟಿ ದೋಷ

ರನ್‌ವೇ ಕಡೆಗೆ ಇಳಿದು ಬರುತ್ತಿರುವ ಪ್ರಯಾಣಿಕ ವಿಮಾನದ ಫ್ಲಾಪ್, ಏಲೆರಾನ್, ಎಲಿವೇಟರ್, ರಡರ್‌ಗಳಲ್ಲೋ, ಅವನ್ನು ಆಡಿಸುವ ಕೇಬಲ್, ಹೈಡ್ರಾಲಿಕ್, ಕಂಪ್ಯೂಟರ್ ವ್ಯವಸ್ಥೆಗಳಲ್ಲೋ ಕಾಣಿಸಿಕೊಳ್ಳುವ ಕೆಡುಕು ಮತ್ತು ಅದನ್ನು ಪೈಲಟ್‌ಗಳು ಎದುರಿಸುವ ಬಗೆ. ಇದೇ ದೋಷ ಮೇಲೆ ಹಾರುತ್ತಿರುವಾಗ ಬಂದರೆ ಕೆಳಗೆ ಹತ್ತು ಕಿಲೋಮೀಟರ್ ಆಳದ ಗಾಳಿ ಇರುತ್ತದೆ, ಯೋಚಿಸಲು ಪುರುಸೊತ್ತು ಇರುತ್ತದೆ. ಇಳಿಯುವಾಗ ಎರಡೂ ಇರುವುದಿಲ್ಲ. ವೇಗ ತಗ್ಗಿರುತ್ತದೆ, ನೆಲ ಹತ್ತಿರ ಬಂದಿರುತ್ತದೆ. ಫ್ಲಾಪ್, ಚಕ್ರ, ಎಂಜಿನ್ ಬಲ ಎಲ್ಲವೂ ಒಂದರ ಹಿಂದೆ ಒಂದು ಬದಲಾಗುತ್ತಿರುತ್ತವೆ. ಆದ್ದರಿಂದ ಈ ಹಂತದ ನಿರ್ವಹಣೆಯಲ್ಲಿ ಯಂತ್ರದ ರಿಪೇರಿಗಿಂತ ಮೊದಲು ಬರುವುದು ಎತ್ತರವನ್ನೂ ಸಮಯವನ್ನೂ ಮರಳಿ ಗಳಿಸುವ ಕೆಲಸ.

ಸಾಂಬ್ರಾದಲ್ಲಿ ಇಳಿಯುವುದೆಂದರೆ

ಬೆಳಗಾವಿ ವಿಮಾನ ನಿಲ್ದಾಣ ನಗರದ ಪೂರ್ವಕ್ಕೆ ಸಾಂಬ್ರಾದಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ನೆಲೆ ಇದು. ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಈಗಲೂ ಪಕ್ಕದಲ್ಲಿದೆ. ನಾಗರಿಕ ವಿಮಾನಗಳಿಗೆ ಹೊಸ ಟರ್ಮಿನಲ್ 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ರನ್‌ವೇಯನ್ನು ಹಿಗ್ಗಿಸಿ 2,300 ಮೀಟರ್ ಮಾಡಿದ್ದರಿಂದ ಎಟಿಆರ್ 72, ಎಂಬ್ರೇಯರ್‌ಗಳ ಜತೆಗೆ ಏರ್‌ಬಸ್ ಎ320 ಗಾತ್ರದ ವಿಮಾನಗಳಿಗೂ ಇಲ್ಲಿ ಇಳಿಯಲು ಬರುತ್ತದೆ.

ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಚಾಚಿದೆ. ಪಶ್ಚಿಮದಿಂದ ಬರುವ ವಿಮಾನ ಬೆಳಗಾವಿ ನಗರದ ಮೇಲೆ ಹಾದು ಬರಬೇಕು. ಮೂರು ಡಿಗ್ರಿಯ ವಾಡಿಕೆಯ ಇಳಿಜಾರಿನಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 52 ಮೀಟರ್ ಎತ್ತರ ಕರಗುತ್ತದೆ. ಅಂದರೆ ರನ್‌ವೇಗೆ 10 ಕಿಲೋಮೀಟರ್ ಇರುವಾಗ, ಕೋಟೆಯ ಆಸುಪಾಸಿನಲ್ಲಿ, ವಿಮಾನ ರನ್‌ವೇ ಮಟ್ಟಕ್ಕಿಂತ 520 ಮೀಟರಿನಷ್ಟು ಮಾತ್ರ ಮೇಲಿರುತ್ತದೆ. 140 ನಾಟ್ ವೇಗದಲ್ಲಿ ಚಕ್ರ ನೆಲಕ್ಕೆ ತಾಗಲು ಅಲ್ಲಿಂದ ಎರಡೂವರೆ ನಿಮಿಷವೂ ಬೇಡ. ದೋಷವನ್ನು ಗುರುತಿಸಿ, ಒಬ್ಬರಿಗೊಬ್ಬರು ಹೇಳಿಕೊಂಡು, ಕೈಪಿಡಿ ತೆರೆದು, ಲೆಕ್ಕ ಹಾಕಿ ತೀರ್ಮಾನಿಸಲು ಆ ಅವಧಿ ಯಾವ ಲೆಕ್ಕಕ್ಕೂ ಸಾಲದು.

ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ವಿಮಾನಗಳು ಪೂರ್ವದಿಂದ ಬರುತ್ತವೆ. ಇಳಿಯುವುದು ಬೇಡವೆಂದು ಮತ್ತೆ ಮೇಲೇರಿದರೆ ಮೂಗು ಪಶ್ಚಿಮಕ್ಕಿರುತ್ತದೆ, ಮುಂದೆ ನಗರ, ಅದರಾಚೆ ಸಹ್ಯಾದ್ರಿಯ ಸಾಲು. ನೈಋತ್ಯಕ್ಕೆ, ವಿಮಾನ ನಿಲ್ದಾಣದಿಂದ ಗೆರೆ ಎಳೆದರೆ 30 ಕಿಲೋಮೀಟರಿಗೂ ಒಳಗೆ, ಖಾನಾಪುರ ಪಟ್ಟಣ. ಅಲ್ಲಿಂದಾಚೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಕಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ ಮೋಡ ಬೆಟ್ಟವನ್ನು ಬಿಟ್ಟು ಏಳುವುದೇ ಅಪರೂಪ. ಹತೋಟಿ ಅರೆಬರೆಯಾಗಿರುವ ವಿಮಾನವನ್ನು ಆ ಮೋಡದೊಳಕ್ಕೆ ಒಯ್ಯುವುದೋ, ಪೂರ್ವದ ಬಯಲಿನ ಕಡೆಗೆ ತಿರುಗಿಸುವುದೋ ಎಂಬುದು ಸಾಂಬ್ರಾಕ್ಕೆ ಬರುವ ಪೈಲಟ್ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಪ್ರಶ್ನೆ. ನನ್ನ ಎಣಿಕೆಯಲ್ಲಿ ಉತ್ತರ ಪೂರ್ವವೇ. ಬೈಲಹೊಂಗಲ, ಸವದತ್ತಿಗಳ ಕಡೆಗೆ ನೆಲ ಸಮ, ಮಳೆಯೂ ಕಡಿಮೆ.

ಇನ್ನೊಂದು ವಿಷಯ ನೆಲದ ಎತ್ತರ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನ ಮಧ್ಯಾಹ್ನ ಬಿಸಿಲು 35 ಡಿಗ್ರಿಗೆ ಏರಿದಾಗ ಇಲ್ಲಿನ ಗಾಳಿ ಸುಮಾರು 1,670 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ವೇಗದ ಮುಳ್ಳು 140 ನಾಟ್ ತೋರಿಸುತ್ತಿದ್ದರೂ ವಿಮಾನ ನಿಜವಾಗಿ 150 ನಾಟ್ ದಾಟಿ ಓಡುತ್ತಿರುತ್ತದೆ. ಎಲ್ಲ ಸರಿಯಿದ್ದ ದಿನ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಫ್ಲಾಪ್ ಕೈಕೊಟ್ಟ ದಿನ ಅದು ರನ್‌ವೇಯ ಕೊನೆಯಲ್ಲಿ ಲೆಕ್ಕ ಕೇಳುತ್ತದೆ.

ಫಲಕಗಳು, ಅವನ್ನು ಆಡಿಸುವ ಬಲ

ರೆಕ್ಕೆಯ ತುದಿಯ ಕಡೆಗಿರುವ ಏಲೆರಾನ್ ವಿಮಾನವನ್ನು ಓರೆಯಾಗಿಸುತ್ತದೆ. ಬಾಲದ ಅಡ್ಡರೆಕ್ಕೆಯ ಎಲಿವೇಟರ್ ಮೂಗನ್ನು ಏರಿಸಿ ಇಳಿಸುತ್ತದೆ. ನೆಟ್ಟಗೆ ನಿಂತ ರಡರ್ ಮೂಗನ್ನು ಪಕ್ಕಕ್ಕೆ ತಿರುಗಿಸುತ್ತದೆ. ಇವು ಮೂರು ಮೂಲ. ರೆಕ್ಕೆಯ ಹಿಂದಿನಿಂದ ಕೆಳಕ್ಕೆ ಚಾಚುವ ಫ್ಲಾಪ್, ಮುಂದಿನಿಂದ ಚಾಚುವ ಸ್ಲ್ಯಾಟ್, ಮೇಲೆ ತೆರೆಯುವ ಸ್ಪಾಯ್ಲರ್, ಬಾಲದ ಅಡ್ಡರೆಕ್ಕೆಯನ್ನೇ ಇಡಿಯಾಗಿ ಓರೆ ಮಾಡುವ ಸ್ಟೆಬಿಲೈಜರ್ ಟ್ರಿಮ್ ಇವುಗಳ ಜತೆಗಾರರು.

ಆಡಿಸುವ ಬಗೆ ವಿಮಾನದಿಂದ ವಿಮಾನಕ್ಕೆ ಬೇರೆ, ದೋಷದ ಸ್ವರೂಪವೂ ಅದಕ್ಕೆ ತಕ್ಕಂತೆ ಬೇರೆ. ಎಟಿಆರ್ 72ರಲ್ಲಿ ಮೂಲ ಫಲಕಗಳನ್ನು ಪೈಲಟ್ ತನ್ನ ತೋಳಿನ ಬಲದಿಂದಲೇ ಕೇಬಲ್‌ಗಳ ಮೂಲಕ ಎಳೆಯುತ್ತಾನೆ. ಎಂಬ್ರೇಯರ್ 145ರಲ್ಲಿ ಎಲಿವೇಟರ್ ಕೇಬಲ್‌ನದು, ಏಲೆರಾನ್ ಮತ್ತು ರಡರ್‌ಗೆ ಹೈಡ್ರಾಲಿಕ್ ನೆರವು. ಎ320ಯಲ್ಲಿ ಹಿಡಿಕೆಯನ್ನು ವಾಲಿಸಿದರೆ ಮೊದಲು ಸಂಕೇತ ಹೋಗುವುದು ಕಂಪ್ಯೂಟರಿಗೆ. ಹಾಗೆ ಏಳು ಕಂಪ್ಯೂಟರುಗಳು, ಹಸಿರು, ನೀಲಿ, ಹಳದಿ ಎಂದು ಹೆಸರಿಟ್ಟ ಮೂರು ಬೇರೆ ಬೇರೆ ಹೈಡ್ರಾಲಿಕ್ ಜಾಲಗಳು ಕೂಡಿ ಫಲಕಗಳನ್ನು ಆಡಿಸುತ್ತವೆ. ಒಂದು ಜಾಲ ಸೋರಿ ಬರಿದಾದರೂ ಉಳಿದೆರಡು ವಿಮಾನವನ್ನು ಇಳಿಸುತ್ತವೆ.

ಈ ಕಂಪ್ಯೂಟರ್ ಹತೋಟಿಯ ವಿದ್ಯೆ ಕರ್ನಾಟಕಕ್ಕೆ ಹೊರಗಿನದಲ್ಲ. ತೇಜಸ್ ಯುದ್ಧವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ, ಕಂಪ್ಯೂಟರ್ ಇಲ್ಲದೆ ಅದು ನೆಟ್ಟಗೆ ಹಾರಲಾರದು. ಅದರ ಹತೋಟಿ ನಿಯಮಗಳನ್ನು ಬರೆದ ರಾಷ್ಟ್ರೀಯ ತಂಡ ಕೆಲಸ ಮಾಡಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅದನ್ನು ಬೆಂಗಳೂರಿನಿಂದ ಮೊದಲ ಸಲ ಹಾರಿಸಿ, ಸುರಕ್ಷಿತವಾಗಿ ಇಳಿಸಿದರು.

ಮೊದಲ ಕ್ಷಣಗಳು

ಪೈಲಟ್ ತರಬೇತಿಯಲ್ಲಿ ಜಗತ್ತಿನಾದ್ಯಂತ ಕಲಿಸುವ ಕ್ರಮ ಒಂದೇ: ಮೊದಲು ಹಾರಿಸು, ಆಮೇಲೆ ದಾರಿ ನೋಡು, ಅದಾದ ಮೇಲೆ ಮಾತನಾಡು. ಕೇಳಲು ಸರಳ. ಎಚ್ಚರಿಕೆಯ ಗಂಟೆ ಬಾರಿಸುತ್ತಿರುವಾಗ ಇಬ್ಬರೂ ಪೈಲಟ್‌ಗಳ ಕಣ್ಣು ಅದೇ ದೀಪದ ಮೇಲೆ ನೆಟ್ಟು, ವಿಮಾನವನ್ನು ಯಾರೂ ನೋಡದೆ ಹೋದದ್ದುಂಟು. ಹಾಗಾಗಿ ಮೊದಲ ಮಾತೇ ಹಂಚಿಕೆಯದು. ಒಬ್ಬರ ಕೈ ಹತೋಟಿಯ ಮೇಲೆ, ಇನ್ನೊಬ್ಬರ ಕೈ ಕೈಪಿಡಿಯ ಮೇಲೆ.

ಆಟೋಪೈಲಟ್ ಬಗ್ಗೆ ಒಂದು ಎಚ್ಚರ ಬೇಕು. ಯಾವುದೋ ಫಲಕ ಬಿಗಿದುಕೊಂಡಿದ್ದರೆ ಆಟೋಪೈಲಟ್ ಸದ್ದಿಲ್ಲದೆ ಅದನ್ನು ಸರಿದೂಗಿಸುತ್ತಲೇ ಇರುತ್ತದೆ. ಅದರ ಶಕ್ತಿ ಮುಗಿದಾಗ ಒಮ್ಮೆಗೇ ಕೈಬಿಡುತ್ತದೆ, ವಿಮಾನ ಪೂರ್ತಿ ಓರೆಯಾಗಿ ಪೈಲಟ್‌ನ ಕೈಗೆ ಬರುತ್ತದೆ. ಆದ್ದರಿಂದ ಹತೋಟಿಯಲ್ಲಿ ಅನುಮಾನ ಬಂದಾಗ ಕೈಯಿಂದಲೇ ಹಾರಿಸಿ ನೋಡುವುದು, ಬಲ ಎಷ್ಟು ಬೇಕಾಗುತ್ತಿದೆ, ಯಾವ ಕಡೆಗೆ ಎಳೆಯುತ್ತಿದೆ ಎಂದು ಅಂಗೈಯಿಂದ ತಿಳಿಯುವುದು ಮೇಲು.

ಬಹುತೇಕ ವಿಮಾನ ಕಂಪನಿಗಳ ನಿಯಮ ಹೀಗಿದೆ: ಮೋಡವಿದ್ದರೆ ನೆಲದಿಂದ 1,000 ಅಡಿಗೆ, ನೋಟ ತಿಳಿಯಾಗಿದ್ದರೆ 500 ಅಡಿಗೆ ಬರುವಷ್ಟರಲ್ಲಿ ವೇಗ, ಇಳಿಜಾರು, ಫ್ಲಾಪ್, ಚಕ್ರ ಎಲ್ಲವೂ ಒಂದು ಹದಕ್ಕೆ ಬಂದಿರಬೇಕು. ಬಂದಿರದಿದ್ದರೆ ಇಳಿಯುವಂತಿಲ್ಲ, ಮತ್ತೆ ಮೇಲೇರಬೇಕು. ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡ ದುರಂತದಲ್ಲಿ ವಿಮಾನದ ಹತೋಟಿ ವ್ಯವಸ್ಥೆಗೆ ಏನೂ ಆಗಿರಲಿಲ್ಲ. ಹದ ತಪ್ಪಿದ ಇಳಿಯುವಿಕೆಯನ್ನು ಸಮಯಕ್ಕೆ ಬಿಟ್ಟುಕೊಡದೆ ಹೋದದ್ದೇ ಅದರ ತಿರುಳು. ಸುಸ್ಥಿತಿಯಲ್ಲಿದ್ದ ವಿಮಾನಕ್ಕೇ ಹೀಗಾಗುವುದಾದರೆ, ಕೆಟ್ಟ ವಿಮಾನವನ್ನು ಅವಸರದಲ್ಲಿ ನೆಲಕ್ಕೆ ಮುಟ್ಟಿಸಲು ಹೊರಡುವುದು ಇನ್ನೆಷ್ಟು ಅಪಾಯ.

ಆದರೂ ಗೋ-ಅರೌಂಡ್ ಕಣ್ಣುಮುಚ್ಚಿ ಮಾಡುವ ಕೆಲಸವಲ್ಲ. ಎಂಜಿನ್‌ಗೆ ಪೂರ್ತಿ ಬಲ ಕೊಟ್ಟಾಗ ರೆಕ್ಕೆಯ ಕೆಳಗೆ ಎಂಜಿನ್ ಇರುವ ವಿಮಾನದ ಮೂಗು ತಾನಾಗಿ ಮೇಲೇಳುತ್ತದೆ. ಎಲಿವೇಟರ್ ಬಿಗಿದಿದ್ದರೆ ಆ ಏಳುವಿಕೆಯನ್ನು ತಡೆಯುವುದು ಕಷ್ಟ, ಬಲವನ್ನು ಹಂತಹಂತವಾಗಿ ಏರಿಸಬೇಕು. ರೂಢಿಯಂತೆ ತಕ್ಷಣ ಫ್ಲಾಪ್ ಮಡಿಸುವುದೂ ಸಲ್ಲದು. ದೋಷ ಕಂಡದ್ದು ಫ್ಲಾಪ್ ಚಾಚುವಾಗಲೇ ಆಗಿದ್ದರೆ ಆ ಲಿವರನ್ನು ಮತ್ತೆ ಮುಟ್ಟುವ ಮುನ್ನ ಕೈಪಿಡಿ ಓದಬೇಕು.

ಲಿವರಿನ ಮಾತು ಬಂದಾಗ ನೇಪಾಳದ ಪೊಖರಾ ನೆನಪಾಗುತ್ತದೆ. 2023ರ ಜನವರಿ 15ರಂದು ಅಲ್ಲಿ ಇಳಿಯುತ್ತಿದ್ದ ಎಟಿಆರ್ 72ರಲ್ಲಿ ಫ್ಲಾಪ್ ಲಿವರ್ ಎಂದುಕೊಂಡು ಪಕ್ಕದ ಪ್ರೊಪೆಲರ್ ಲಿವರ್‌ಗಳನ್ನು ಸರಿಸಲಾಯಿತು. ಎರಡೂ ಪ್ರೊಪೆಲರ್‌ಗಳು ಎಳೆತ ಕಳೆದುಕೊಂಡವು. ವಿಮಾನದಲ್ಲಿದ್ದ 72 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಯಾವ ಲಿವರ್ ಹಿಡಿದಿದ್ದೇನೆಂದು ಬಾಯಿಬಿಟ್ಟು ಹೇಳಿ, ಇನ್ನೊಬ್ಬರು ನೋಡಿ ಹೌದೆಂದ ಮೇಲೆ ಮಾತ್ರ ಸರಿಸುವ ಕ್ರಮ ಬೇಸರದ ವಿಧಿಯಂತೆ ಕಾಣಬಹುದು. ಅದರ ಬೆಲೆ ಇದು.

ಒಂದು ವಾಲ್ವ್, ಮೂರು ವಿಮಾನ

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಉದ್ಯಮಬಾಗ, ಮುಂದೆ ಮಚ್ಛೆ, ಅದರ ಬಳಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಎರಕದ ಕುಲುಮೆಗಳು, ಲೇತ್ ಶೆಡ್‌ಗಳು ಒತ್ತೊತ್ತಾಗಿರುವ ದಾರಿ ಇದು. ಹೈಡ್ರಾಲಿಕ್ ವಾಲ್ವ್ ಮತ್ತು ಪಂಪ್‌ಗಳಿಗೆ ಬೆಳಗಾವಿ ಹೆಸರಾಗಿದೆ. ಸುರೇಶ್ ಹುಂದ್ರೆ ಅವರು ಕಟ್ಟಿದ ಪಾಲಿಹೈಡ್ರಾನ್ ಇರುವುದು ಮಚ್ಛೆಯಲ್ಲೇ. ಇಲ್ಲಿ ಆಗುವವು ಕಾರ್ಖಾನೆಯ ಯಂತ್ರಗಳ ವಾಲ್ವ್‌ಗಳು, ವಿಮಾನದವಲ್ಲ. ತತ್ವ ಮಾತ್ರ ಒಂದೇ. ಉಕ್ಕಿನ ಗೂಡಿನೊಳಗೆ ನುಣ್ಣಗೆ ತೀಡಿದ ಸ್ಪೂಲ್ ಹಿಂದೆ ಮುಂದೆ ಜಾರುತ್ತದೆ. ಜಾರಿದಂತೆ ಒಂದು ಕಿಂಡಿ ಮುಚ್ಚಿ ಇನ್ನೊಂದು ತೆರೆದು ಎಣ್ಣೆ ಬೇಕಾದ ಕಡೆಗೆ ನುಗ್ಗುತ್ತದೆ. ಗೂಡಿಗೂ ಸ್ಪೂಲಿಗೂ ನಡುವಿನ ಸಂದು ಕೂದಲಿಗಿಂತ ಎಷ್ಟೋ ಕಿರಿದು. ಹೆಚ್ಚಾದರೆ ಎಣ್ಣೆ ಸೋರುತ್ತದೆ, ಕಡಿಮೆಯಾದರೆ, ಇಲ್ಲವೇ ಒಂದು ಕಣ ಸಿಕ್ಕಿಕೊಂಡರೆ, ಸ್ಪೂಲ್ ಕಚ್ಚಿಕೊಳ್ಳುತ್ತದೆ. ಈ ಕಚ್ಚಿಕೊಳ್ಳುವಿಕೆ ಉದ್ಯಮಬಾಗದ ಫಿಟ್ಟರ್‌ಗೆ ದಿನನಿತ್ಯದ ಸಂಗತಿ. ಬೋಯಿಂಗ್ 737ರ ಬಾಲದಲ್ಲಿ ಅದು ನಡೆದಾಗ ಏನಾಯಿತೆಂಬುದು ವಿಮಾನಯಾನದ ಚರಿತ್ರೆಯಲ್ಲೇ ದೀರ್ಘವಾದ ತನಿಖೆಗಳಲ್ಲೊಂದು.

1991ರ ಮಾರ್ಚ್ 3ರಂದು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಇಳಿಯಲು ಬರುತ್ತಿದ್ದ ಯುನೈಟೆಡ್ 585, ನೆಲ ಇನ್ನೇನು ಹತ್ತಿರವಿದೆ ಎನ್ನುವಾಗ ಬಲಕ್ಕೆ ಮಗುಚಿ ಬಿದ್ದಿತು. 25 ಜನ ಸತ್ತರು. ಕಾರಣ ತಿಳಿಯಲಿಲ್ಲ. 1994ರ ಸೆಪ್ಟೆಂಬರ್ 8ರಂದು ಪಿಟ್ಸ್‌ಬರ್ಗ್‌ಗೆ ಬರುತ್ತಿದ್ದ ಯುಎಸ್‌ಏರ್ 427, 190 ನಾಟ್ ವೇಗದಲ್ಲಿ, ಮುಂದಿನ ವಿಮಾನದ ಗಾಳಿಸುಳಿಗೆ ಸಿಕ್ಕಿ ಒಂದಿಷ್ಟು ಅಲುಗಾಡಿತು. ಅದು ದಿನವೂ ಆಗುವಂಥದ್ದು. ಆದರೆ ಅದನ್ನು ಸರಿಪಡಿಸಲು ಪೈಲಟ್ ಪೆಡಲ್ ಒತ್ತಿದ ಮೇಲೆ ವಿಮಾನ ಎಡಕ್ಕೆ ತಿರುಗುತ್ತಲೇ ಹೋಯಿತು. ಅರೆನಿಮಿಷದೊಳಗೆ ಎಲ್ಲ ಮುಗಿಯಿತು. 132 ಜನರಲ್ಲಿ ಯಾರೂ ಬದುಕಲಿಲ್ಲ.

ಮೂರನೆಯದು 1996ರ ಜೂನ್ 9ರಂದು, ರಿಚ್ಮಂಡ್‌ಗೆ ಇಳಿಯುತ್ತಿದ್ದ ಈಸ್ಟ್‌ವಿಂಡ್ 517. ಸುಮಾರು 4,000 ಅಡಿ ಎತ್ತರದಲ್ಲಿ ರಡರ್ ಒಮ್ಮೆಗೇ ಬಲಕ್ಕೆ ಹೊರಳಿತು. ಕ್ಯಾಪ್ಟನ್ ಬ್ರಯನ್ ಬಿಷಪ್ ಎದುರು ಪೆಡಲನ್ನು ತುಳಿದರು, ಅದು ಕದಲಲಿಲ್ಲ. ಏಲೆರಾನನ್ನು ಎಡಕ್ಕೆ ತಿರುಗಿಸಿ ಹಿಡಿದು, ಬಲಗಡೆಯ ಎಂಜಿನ್‌ಗೆ ಹೆಚ್ಚು ಬಲ ಕೊಟ್ಟು ವಿಮಾನವನ್ನು ಹಿಡಿತದಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ರಡರ್ ತಾನಾಗಿ ಬಿಟ್ಟುಕೊಂಡಿತು, ವಿಮಾನದಲ್ಲಿದ್ದ 53 ಜನರೂ ಬದುಕಿ ಇಳಿದರು. ಇವರಿಗೂ ಹಿಂದಿನ ಇಬ್ಬರಿಗೂ ಇದ್ದ ದೊಡ್ಡ ವ್ಯತ್ಯಾಸ ವೇಗ. ಈಸ್ಟ್‌ವಿಂಡ್ ಸುಮಾರು 250 ನಾಟ್‌ನಲ್ಲಿತ್ತು. ಪೂರ್ತಿ ಹೊರಳಿದ ರಡರನ್ನು ಏಲೆರಾನ್ ತಡೆದು ನಿಲ್ಲಿಸಲು ಒಂದು ಕನಿಷ್ಠ ವೇಗ ಬೇಕು. ಆ ವೇಗಕ್ಕಿಂತ ಕೆಳಗಿದ್ದರೆ ಏಲೆರಾನನ್ನು ಎಷ್ಟೇ ತಿರುಗಿಸಿದರೂ ರಡರ್ ಗೆಲ್ಲುತ್ತದೆ. ಇದನ್ನು ಕ್ರಾಸ್‌ಓವರ್ ವೇಗ ಎಂದು ಕರೆದರು. ಅಂಥ ಗಳಿಗೆಯಲ್ಲಿ ಮೂಗನ್ನು ತಗ್ಗಿಸಿ ವೇಗ ಕೂಡಿಸಿಕೊಳ್ಳಬೇಕು. ನೆಲ ಹತ್ತಿರವಿರುವಾಗ ಮನುಷ್ಯನ ಕೈ ತಾನಾಗಿ ಮಾಡುವುದು ಇದಕ್ಕೆ ತದ್ವಿರುದ್ಧ, ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುತ್ತದೆ. ಆಮೇಲಿನ ವರ್ಷಗಳಲ್ಲಿ ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ಇದನ್ನು ಬಿಡಿಸಿ ಕಲಿಸತೊಡಗಿದರು.

ವಾಲ್ವ್‌ನ ಗುಟ್ಟು ಹೊರಬಿದ್ದದ್ದು ಪ್ರಯೋಗಾಲಯದಲ್ಲಿ. 737ರ ರಡರ್ ವಾಲ್ವ್‌ನಲ್ಲಿ ಒಂದರೊಳಗೊಂದು ಎರಡು ಸ್ಪೂಲ್‌ಗಳಿದ್ದವು. ಒಂದು ಕಚ್ಚಿಕೊಂಡರೆ ಇನ್ನೊಂದು ಕೆಲಸ ಮಾಡಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ್ದು. ತನಿಖೆಗಾರರು ಆ ಘಟಕವನ್ನು ಕೊರೆಯುವಷ್ಟು ತಣ್ಣಗಾಗಿಸಿ, ಬಿಸಿ ಎಣ್ಣೆಯನ್ನು ಒಮ್ಮೆಗೇ ನುಗ್ಗಿಸಿದಾಗ ಹೊರ ಸ್ಪೂಲ್ ಗೂಡಿಗೆ ಕಚ್ಚಿತು. ಒಳಗಿನದು ತನ್ನ ಮಿತಿಯನ್ನು ದಾಟಿ ಜಾರಿತು. ಕಿಂಡಿಗಳು ಅದಲುಬದಲಾದವು. ಬಲ ಪೆಡಲ್ ಒತ್ತಿದರೆ ರಡರ್ ಎಡಕ್ಕೆ ಹೋಗುವ ಸ್ಥಿತಿ ಉಂಟಾಯಿತು. ಸರಿಪಡಿಸಲೆಂದು ಜೋರಾಗಿ ತುಳಿದಷ್ಟೂ ಕೇಡು ಹೆಚ್ಚು. ಕೊನೆಯ ಕ್ಷಣದವರೆಗೆ ಸರಿಯಾದ ಪೆಡಲನ್ನೇ ತುಳಿದಿದ್ದ ಪೈಲಟ್‌ಗಳ ಮೇಲೆ ವರ್ಷಗಟ್ಟಲೆ ಅನುಮಾನ ತೂಗಾಡಿತ್ತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯನ್ನು ಒಪ್ಪಿದ್ದು 1999ರ ಮಾರ್ಚ್‌ನಲ್ಲಿ, ಪಿಟ್ಸ್‌ಬರ್ಗ್ ಅಪಘಾತವಾಗಿ ನಾಲ್ಕೂವರೆ ವರ್ಷದ ಮೇಲೆ. ಆ ಬಳಿಕ 737ಗಳ ರಡರ್ ವ್ಯವಸ್ಥೆಯನ್ನೇ ಹೊಸದಾಗಿ ರೂಪಿಸಿ, ಹಾರುತ್ತಿದ್ದ ವಿಮಾನಗಳಲ್ಲೂ ಬದಲಾಯಿಸಲಾಯಿತು.

ಫ್ಲಾಪ್ ನಿಂತುಬಿಟ್ಟರೆ

ಇಳಿಯುವ ಹಂತದಲ್ಲಿ ಪೈಲಟ್‌ಗಳು ಹೆಚ್ಚಾಗಿ ಎದುರಿಸುವುದು ಮೇಲಿನಂಥ ಘೋರವನ್ನಲ್ಲ, ಫ್ಲಾಪ್ ಅರ್ಧದಲ್ಲಿ ನಿಂತುಬಿಡುವುದನ್ನು. ಎರಡೂ ರೆಕ್ಕೆಗಳ ಫ್ಲಾಪ್ ಸಮವಾಗಿ ಚಾಚುತ್ತಿದೆಯೇ ಎಂದು ಸೆನ್ಸರ್‌ಗಳು ಕಾಯುತ್ತಿರುತ್ತವೆ. ಒಂದು ಕಡೆ ಹಿಂದೆ ಬಿದ್ದರೆ ವ್ಯವಸ್ಥೆ ಎರಡನ್ನೂ ಇದ್ದಲ್ಲೇ ಬಿಗಿದು ಹಾಕುತ್ತದೆ. ಅರೆಚಾಚಿದ ಫ್ಲಾಪ್‌ನಿಂದ ಇಳಿಯಬಹುದು, ಎಡಬಲ ಬೇರೆಯಾದ ಫ್ಲಾಪ್‌ನಿಂದ ಹಾರುವುದೇ ಕಷ್ಟ.

ಫ್ಲಾಪ್ ಇಲ್ಲದ ರೆಕ್ಕೆ ಕಡಿಮೆ ವೇಗದಲ್ಲಿ ವಿಮಾನವನ್ನು ಹೊರಲಾರದು, ಆದ್ದರಿಂದ ಹೆಚ್ಚು ವೇಗದಲ್ಲಿ ಇಳಿಯಬೇಕು. ವೇಗ ನೂರಕ್ಕೆ 20ರಷ್ಟು ಹೆಚ್ಚಿದರೆ ಬ್ರೇಕ್‌ಗಳು ನುಂಗಬೇಕಾದ ಶಕ್ತಿ ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಸಾಂಬ್ರಾದ 2,300 ಮೀಟರಿಗೆ ಇದನ್ನು ಅನ್ವಯಿಸಿ ನೋಡಬೇಕು. ಜೆಟ್ ವಿಮಾನ ಹೊರಡುವ ಮುಂಚೆ ಹಾಕುವ ಲೆಕ್ಕದಲ್ಲಿ, ಅದು ಇಳಿಯುವ ರನ್‌ವೇಯ ನೂರಕ್ಕೆ 60 ಭಾಗದೊಳಗೆ ನಿಲ್ಲುವಂತಿರಬೇಕು. ಅಂದರೆ ಇಲ್ಲಿ 1,380 ಮೀಟರ್. ರನ್‌ವೇ ಒದ್ದೆಯಿದ್ದರೆ ಇನ್ನೂ ಬಿಗಿದು 1,200 ಮೀಟರ್. ಉಳಿದದ್ದೆಲ್ಲ ಕೈಮೀರಿದ ಹೊತ್ತಿಗೆಂದು ಇಟ್ಟ ಗಂಟು. ಫ್ಲಾಪ್ ಕೆಟ್ಟು, ಆಷಾಢದ ಮಳೆಯೂ ಸುರಿಯುತ್ತಿದ್ದರೆ ಆ ಗಂಟು ಬೇಗ ಕರಗುತ್ತದೆ. ಬೇಸಿಗೆಯ ತೆಳು ಗಾಳಿಯಲ್ಲೂ ಅಷ್ಟೇ.

ಹಾಗಾಗಿ ಬೇರೆ ನಿಲ್ದಾಣ ಹುಡುಕುವುದು ಸೋಲಲ್ಲ, ಲೆಕ್ಕಾಚಾರ. ಗೋವೆಯ ಮೋಪಾದ ಮನೋಹರ್ ವಿಮಾನ ನಿಲ್ದಾಣ ಸಾಂಬ್ರಾದಿಂದ ಗಾಳಿದಾರಿಯಲ್ಲಿ ಸುಮಾರು 80 ಕಿಲೋಮೀಟರ್. 2023ರ ಜನವರಿಯಲ್ಲಿ ಸಂಚಾರ ಆರಂಭಿಸಿದ ಅಲ್ಲಿನ ರನ್‌ವೇ 3,500 ಮೀಟರ್ ಉದ್ದ, ಮೇಲಾಗಿ ಬೆಳಗಾವಿಗಿಂತ ಬಹಳ ತಗ್ಗಿನಲ್ಲಿದೆ. ಆದರೆ ದಾರಿಯಲ್ಲಿ ಘಟ್ಟವಿದೆ, ಮಳೆಗಾಲದಲ್ಲಿ ಕರಾವಳಿಯ ಹವೆ ನೆಚ್ಚುವಂತಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳು ತಲಾ 4,000 ಮೀಟರ್, ದೂರ ಹೆಚ್ಚು. ಫ್ಲಾಪ್ ಚಾಚಿಯೇ ನಿಂತಿದ್ದರೆ ಗಾಳಿಯ ತಡೆ ಹೆಚ್ಚಾಗಿ ಇಂಧನ ಬೇಗ ಸುಡುತ್ತದೆ, ಎತ್ತರ ಮತ್ತು ವೇಗಕ್ಕೂ ಕಟ್ಟು ಬೀಳುತ್ತದೆ. ಆಗ ಬೆಂಗಳೂರು ಕೈಗೆಟುಕದೆ ಹೋಗಬಹುದು.

ಎ320ಯಲ್ಲಿ ಚಕ್ರವೂ ಈ ಲೆಕ್ಕದೊಳಗೆ ಬರುತ್ತದೆ. ಕಂಪ್ಯೂಟರ್ ಹತೋಟಿ ಭಾಗಶಃ ಕುಂದಿರುವಾಗ ಚಕ್ರ ಇಳಿಸಿದ ತಕ್ಷಣ ಉಳಿದ ರಕ್ಷಣೆಯೂ ಬಿಟ್ಟುಹೋಗಿ, ಹಿಡಿಕೆ ಎಷ್ಟು ವಾಲಿದರೆ ಫಲಕ ಅಷ್ಟೇ ಆಡುವ ನೇರ ಸ್ಥಿತಿಗೆ ವಿಮಾನ ಬರುತ್ತದೆ. ಹಾಗಾಗಿ ಚಕ್ರವನ್ನು ಯಾವಾಗ ಇಳಿಸುವುದು ಎಂಬುದನ್ನು ಮೊದಲೇ ಮಾತಾಡಿಕೊಂಡಿರುತ್ತಾರೆ.

ಮೇಲೆ ಪರೀಕ್ಷಿಸಿ, ಹಾಗೆಯೇ ಇಳಿಸುವುದು

ಹತೋಟಿ ಎಷ್ಟು ಉಳಿದಿದೆ ಎಂದು ತಿಳಿಯಲು ಒಂದೇ ದಾರಿ, ಎತ್ತರದಲ್ಲಿ ಇಳಿಯುವಿಕೆಯ ತಾಲೀಮು. ನೆಲದಿಂದ ಸಾಕಷ್ಟು ಮೇಲೆ ವಿಮಾನವನ್ನು ನಿಧಾನಿಸುತ್ತಾ, ಫ್ಲಾಪ್ ಮತ್ತು ಚಕ್ರವನ್ನು ಒಂದೊಂದಾಗಿ ಇಳಿಸುತ್ತಾ, ಪ್ರತಿ ಹಂತದಲ್ಲೂ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಬೇಕು. ಹಿಡಿಕೆ ಕೊನೆಯವರೆಗೆ ತಿರುಗಿಸಬೇಕಾಗಿ ಬಂದ ವೇಗಕ್ಕಿಂತ ಕೆಳಗೆ ಮತ್ತೆ ಎಂದೂ ಇಳಿಯಬಾರದು. ಸಿಂಗಾಪುರದಿಂದ ಹೊರಟ ಮೇಲೆ 2010ರ ನವೆಂಬರ್ 4ರಂದು ಎಂಜಿನ್ ಸಿಡಿದು ರೆಕ್ಕೆಯನ್ನು ಸೀಳಿದ್ದ ಕ್ವಾಂಟಾಸ್ 32ರ ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ 469 ಜನರಿದ್ದ ಎ380ಯನ್ನು ಕೆಳಗಿಳಿಸುವ ಮುನ್ನ ಮಾಡಿದ್ದು ಇದನ್ನೇ.

ಪರೀಕ್ಷೆಯಲ್ಲಿ ಒಗ್ಗಿದ ಸ್ಥಿತಿಯನ್ನು ಆಮೇಲೆ ಬದಲಾಯಿಸಬಾರದು. ಅಲಾಸ್ಕಾ 261ರ ಕಥೆ ಈ ಕಾರಣಕ್ಕೇ ಮನಸ್ಸನ್ನು ಕಲಕುತ್ತದೆ. 2000ದ ಜನವರಿ 31ರಂದು ಲಾಸ್ ಏಂಜಲೀಸ್ ಕಡೆಗೆ ತಿರುಗಿದ್ದ ಆ ವಿಮಾನದಲ್ಲಿ, ಬಾಲದ ಸ್ಟೆಬಿಲೈಜರನ್ನು ಆಡಿಸುವ ಸ್ಕ್ರೂ ಗ್ರೀಸ್ ಇಲ್ಲದೆ ಸವೆದು, ನಟ್‌ನ ಎಳೆಗಳೇ ಕಿತ್ತುಬಂದಿದ್ದವು. ಪೈಲಟ್‌ಗಳು ಫ್ಲಾಪ್ ಚಾಚಿ ನೋಡಿದಾಗ ವಿಮಾನ ಹೆಚ್ಚುಕಡಿಮೆ ನೆಮ್ಮದಿಗೆ ಬಂತು. ಮತ್ತೆ ಮಡಿಸಿದರು. ಕೆಲವೇ ನಿಮಿಷಗಳಲ್ಲಿ ಸ್ಕ್ರೂ ಪೂರ್ತಿ ಕಳಚಿತು. 88 ಜನ ಸಮುದ್ರದ ಪಾಲಾದರು.

ಇದಕ್ಕೆ ಎದುರಾಗಿ ನಿಲ್ಲುವುದು 1977ರ ಏಪ್ರಿಲ್ 12ರ ಡೆಲ್ಟಾ 1080. ಎಡ ಎಲಿವೇಟರ್ ಪೂರ್ತಿ ಮೇಲಕ್ಕೆ ಸಿಕ್ಕಿಕೊಂಡಿದ್ದ ಟ್ರೈಸ್ಟಾರ್ ವಿಮಾನದ ಕ್ಯಾಪ್ಟನ್ ಜ್ಯಾಕ್ ಮ್ಯಾಕ್‌ಮಹನ್ ಪ್ರಯಾಣಿಕರನ್ನು ಮುಂದಿನ ಸೀಟುಗಳಿಗೆ ಕಳಿಸಿ ಮೂಗಿನ ತೂಕ ಹೆಚ್ಚಿಸಿದರು. ಬಾಲದ ಎಂಜಿನ್ ಮತ್ತು ರೆಕ್ಕೆಯ ಎಂಜಿನ್‌ಗಳ ಬಲವನ್ನು ಬೇರೆ ಬೇರೆ ಮಾಡಿ ಮೂಗನ್ನು ತಗ್ಗಿಸಿ ಏರಿಸಿದರು. ಲಾಸ್ ಏಂಜಲೀಸ್‌ನಲ್ಲಿ 52 ಜನರೂ ಕ್ಷೇಮವಾಗಿ ಇಳಿದರು.

ಎಂಜಿನ್ ಬಲದಿಂದ ವಿಮಾನ ತಿರುಗಿಸುವ ಈ ಉಪಾಯ ಹೈಡ್ರಾಲಿಕ್ ಪೂರ್ತಿ ಹೋದಾಗ ಉಳಿಯುವ ಕೊನೆಯ ದಾರಿ. 1989ರ ಜುಲೈ 19ರಂದು ಯುನೈಟೆಡ್ 232ರ ಮೂರೂ ಹೈಡ್ರಾಲಿಕ್ ಜಾಲಗಳು ಒಟ್ಟಿಗೆ ಕಡಿದುಹೋದವು. ಕ್ಯಾಪ್ಟನ್ ಅಲ್ ಹೇನ್ಸ್ ಮತ್ತು ಪ್ರಯಾಣಿಕರ ನಡುವಿನಿಂದ ಎದ್ದು ಬಂದ ತರಬೇತುದಾರ ಪೈಲಟ್ ಡೆನಿಸ್ ಫಿಚ್ ಎಂಜಿನ್ ಲಿವರ್‌ಗಳಿಂದಲೇ ಡಿಸಿ-10ನ್ನು ಸೂ ಸಿಟಿಯವರೆಗೆ ತಂದರು. ಫ್ಲಾಪ್ ಇಲ್ಲದ್ದರಿಂದ ನೆಲ ಮುಟ್ಟಿದ್ದು 215 ನಾಟ್ ವೇಗದಲ್ಲಿ. 296 ಜನರಲ್ಲಿ 184 ಮಂದಿ ಬದುಕಿದರು. 2003ರ ನವೆಂಬರ್ 22ರಂದು ಬಾಗ್ದಾದ್‌ನಲ್ಲಿ ಕ್ಷಿಪಣಿ ತಾಗಿ ಎಲ್ಲ ಹೈಡ್ರಾಲಿಕ್ ಕಳೆದುಕೊಂಡ ಸರಕು ವಿಮಾನ ಎ300ಯನ್ನು ಅದರ ಮೂವರು ಸಿಬ್ಬಂದಿ ಇದೇ ಬಗೆಯಲ್ಲಿ ಇಳಿಸಿ ಜೀವ ಉಳಿಸಿಕೊಂಡರು.

ಭಾರತದ ಮೂರು ಪ್ರಸಂಗಗಳು

2018ರ ಸೆಪ್ಟೆಂಬರ್ 11ರಂದು ದೆಹಲಿಯಿಂದ ನ್ಯೂಯಾರ್ಕ್ ತಲುಪಿದ ಏರ್ ಇಂಡಿಯಾ 101ರಲ್ಲಿ ಕೆಟ್ಟಿದ್ದು ಫಲಕಗಳಲ್ಲ, ಇಳಿಯುವ ದಾರಿ ತೋರಿಸುವ ಉಪಕರಣಗಳು. ಆದರೂ ನಿರ್ವಹಣೆಯ ಪಾಠವಾಗಿ ಅದನ್ನು ಇಲ್ಲಿ ಸೇರಿಸಬೇಕು. ಮೋಡ ತಗ್ಗಿತ್ತು, ಇಂಧನ ಕಡಿಮೆಯಾಗುತ್ತಿತ್ತು, ಸುಮಾರು 370 ಪ್ರಯಾಣಿಕರಿದ್ದರು. ಕ್ಯಾಪ್ಟನ್ ರುಸ್ತಮ್ ಪಾಲಿಯಾ ಏನೇನು ಕೆಟ್ಟಿದೆ, ಏನೇನು ಉಳಿದಿದೆ ಎಂದು ನಿಯಂತ್ರಕರಿಗೆ ಒಂದೊಂದಾಗಿ ಹೇಳಿ, ಹವೆ ಮೇಲಾಗಿದ್ದ ನ್ಯೂವಾರ್ಕ್‌ಗೆ ತಿರುಗಿ ಬೋಯಿಂಗ್ 777ನ್ನು ಇಳಿಸಿದರು.

2024ರ ಅಕ್ಟೋಬರ್ 11ರ ಸಂಜೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737ರಲ್ಲಿ ಹೈಡ್ರಾಲಿಕ್ ದೋಷ ಕಂಡಿತು. ಈ ಬಗೆಯ ವಿಮಾನದಲ್ಲಿ ಇಂಧನವನ್ನು ಗಾಳಿಯಲ್ಲಿ ಚೆಲ್ಲುವ ಏರ್ಪಾಟಿಲ್ಲ. ತೂಕ ಇಳಿಸಲು ಎರಡು ಗಂಟೆಗೂ ಹೆಚ್ಚು ಹೊತ್ತು ಊರ ಸುತ್ತ ಸುತ್ತಬೇಕಾಯಿತು. ಕೆಳಗಿದ್ದವರಿಗೆ ಅದು ಭಯಂಕರವಾಗಿ ಕಂಡಿತು. ಮೇಲೆ ನಡೆಯುತ್ತಿದ್ದದ್ದು ಸಮಯ ಗಳಿಸುವ ಶಾಂತವಾದ ಕೆಲಸ. ಸುಮಾರು 140 ಪ್ರಯಾಣಿಕರೊಂದಿಗೆ ವಿಮಾನ ಅಲ್ಲಿಯೇ ಸುರಕ್ಷಿತವಾಗಿ ಇಳಿಯಿತು.

ಬೆಳಗಾವಿಯವರು ಕಣ್ಣಾರೆ ಕಂಡದ್ದು ಇದಕ್ಕಿಂತ ಚಿಕ್ಕದು. 2023ರ ಮೇ 30ರಂದು ಸಾಂಬ್ರಾದಿಂದ ಹಾರಿದ್ದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಪಕ್ಕದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ತರಬೇತುದಾರ ಮತ್ತು ವಿದ್ಯಾರ್ಥಿ ಇಬ್ಬರೂ ಉಳಿದರು. ಬಿತ್ತನೆಗೆ ಮುಂಚಿನ ಬರಿ ನೆಲ ಪೂರ್ವದ ಕಡೆಯ ಬಯಲಿನಲ್ಲಿ ಸಿಗುತ್ತದೆ, ಖಾನಾಪುರದ ಕಾಡಿನಲ್ಲಿ ಸಿಗುವುದಿಲ್ಲ.

ಹ್ಯಾಂಗರಿನಲ್ಲಿ ಹುಟ್ಟುವ ದೋಷ

ಸ್ಟಾರ್ ಏರ್ ವಿಮಾನ ಕಂಪನಿ ಹಾರಿಸುವ ಎಂಬ್ರೇಯರ್ 175ರ ದೊಡ್ಡಣ್ಣನೆಂದರೆ 190. 2018ರ ನವೆಂಬರ್ 11ರಂದು ಏರ್ ಅಸ್ತಾನಾದ ಒಂದು 190 ಪೋರ್ಚುಗಲ್‌ನಲ್ಲಿ ದೊಡ್ಡ ರಿಪೇರಿ ಮುಗಿಸಿ, ಆರು ಮಂದಿ ಸಿಬ್ಬಂದಿಯೊಂದಿಗೆ ಮೇಲೇರಿತು. ಏರಿದೊಡನೆಯೇ ಹುಚ್ಚೆದ್ದಂತೆ ಮಗುಚತೊಡಗಿತು. ರೆಕ್ಕೆಯೊಳಗೆ ಏಲೆರಾನ್ ಕೇಬಲ್‌ಗಳನ್ನು ತಪ್ಪಾಗಿ ಪೋಣಿಸಲಾಗಿತ್ತು. ಎಡಕ್ಕೆ ತಿರುಗಿಸಿದರೆ ಏಲೆರಾನ್ ಬಲಕ್ಕೆ, ಆದರೆ ಸ್ಪಾಯ್ಲರ್ ಮಾತ್ರ ಸರಿಯಾಗಿ ಎಡಕ್ಕೆ. ಒಂದೇ ರೆಕ್ಕೆಯಲ್ಲಿ ಎರಡು ಫಲಕಗಳು ಒಂದಕ್ಕೊಂದು ವಿರುದ್ಧ. ಪೈಲಟ್‌ಗಳು ಹತೋಟಿ ವ್ಯವಸ್ಥೆಯನ್ನು ನೇರ ಸ್ಥಿತಿಗೆ ಬದಲಿಸಿದಾಗ ಹಿಡಿತ ತುಸು ಮರಳಿತು. ವಾಯುಪಡೆಯ ಎರಡು ಯುದ್ಧವಿಮಾನಗಳು ಜತೆಗೂಡಿ ಬೇಜಾ ನೆಲೆಗೆ ದಾರಿ ತೋರಿದವು. ಎರಡು ಸಲ ಇಳಿಯಲು ನೋಡಿ ಬಿಟ್ಟುಕೊಟ್ಟು, ಮೂರನೆಯ ಸಲ ಇಳಿದರು. ವಿಮಾನ ಮತ್ತೆ ಹಾರಲಿಲ್ಲ, ಮನುಷ್ಯರು ಉಳಿದರು.

ರಿಪೇರಿಯ ಅವಧಿಯಲ್ಲೇ ಆ ವಿಮಾನದ ಪರದೆ ಹತೋಟಿ ವ್ಯವಸ್ಥೆಯಲ್ಲಿ ದೋಷವಿದೆಯೆಂದು ಸಂದೇಶ ತೋರಿಸಿತ್ತು. ಹಲವು ದಿನ ಹುಡುಕಿದರೂ ಕೇಬಲ್ ಅದಲುಬದಲಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹೊರಡುವ ಮುನ್ನ ಮಾಡುವ ಹತೋಟಿ ಪರೀಕ್ಷೆಯಲ್ಲಿ ಪೈಲಟ್ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದಾಗ ಎಡ ರೆಕ್ಕೆಯ ಏಲೆರಾನ್ ಮೇಲಕ್ಕೆ, ಬಲ ರೆಕ್ಕೆಯದು ಕೆಳಕ್ಕೆ ಬರಬೇಕು. ಹಿಡಿಕೆ ಸಲೀಸಾಗಿ ಆಡಿತು ಎಂಬಷ್ಟಕ್ಕೆ ಬಿಡದೆ, ಯಾವ ಫಲಕ ಯಾವ ದಿಕ್ಕಿಗೆ ಎದ್ದಿತೆಂದು ನೋಡುವುದು ಈ ಪರೀಕ್ಷೆಯ ಜೀವ. ಕಾಕ್‌ಪಿಟ್‌ನಿಂದ ರೆಕ್ಕೆಯ ತುದಿ ಕಾಣದ ವಿಮಾನಗಳಲ್ಲಿ, ದೊಡ್ಡ ರಿಪೇರಿಯ ಬಳಿಕ, ನೆಲದ ಮೇಲೆ ರೆಕ್ಕೆಯ ಪಕ್ಕ ನಿಂತ ಎಂಜಿನಿಯರ್ ಇಂಟರ್‌ಕಾಮ್‌ನಲ್ಲಿ ಪ್ರತಿ ಚಲನೆಯನ್ನೂ ಕೂಗಿ ಹೇಳುತ್ತಾರೆ: ಎಡ ಮೇಲೆ, ಬಲ ಕೆಳಗೆ.